ಪುಟ್ಟ ಕ್ಯಾಂಪರ್ ಟ್ರೇಲರ್‌ನ ಫ್ರಿಜ್ ಗೂಡನ್ನು ಕಪಾಟು ಮಾಡುವುದು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಶಿವಮೊಗ್ಗದಲ್ಲಿ ಮನೆ ಪಕ್ಕದ ಶೆಡ್ಡಿನಲ್ಲಿ ನಿಲ್ಲುವ, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ, ಒಂದೇ ಆಕ್ಸಲ್‌ನ ಪುಟ್ಟ ಟ್ರೇಲರ್. ಜೀಪಿಗೆ ಕಟ್ಟಿಕೊಂಡು ತೀರ್ಥಹಳ್ಳಿ, ಆಗುಂಬೆ, ಹೊಸನಗರ, ಸಾಗರದ ಕಡೆ ಹೋಗಿ ಬರುತ್ತೇವೆ. ಅದರಲ್ಲಿದ್ದ ಹಳೇ ಫ್ರಿಜ್ ತೆಗೆದು ಆ ಗೂಡನ್ನು ಕಪಾಟು ಮಾಡಿದ್ದೇವೆ. ಒಳಗೆ ಬಂದು ನೋಡಿದವರೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಒಂದು ಸಲ ಕೆಡಿಸಿ, ಎರಡನೇ ಸಲ ಸರಿ ಮಾಡಿದ ಕೆಲಸ ಇದು. ಹಾಗಾಗಿ ಉತ್ತರಗಳನ್ನು ಕೂತು ಬರೆದಿಟ್ಟಿದ್ದೇನೆ.

ಫ್ರಿಜ್ ಇದ್ದರೆ ಒಳ್ಳೆಯದೇ ಅಲ್ವಾ? ಯಾಕೆ ತೆಗೆಯಬೇಕು?

ಬಳಸುತ್ತಿದ್ದರೆ ತೆಗೆಯಬೇಡಿ. ನಾವು ಬಳಸುತ್ತಿರಲಿಲ್ಲ.

ಹಳೇ ಟ್ರೇಲರ್‌ಗಳಲ್ಲಿ ಬರುವುದು ಮನೆಯ ಫ್ರಿಜ್ಜಿನಂಥದ್ದಲ್ಲ. ಗ್ಯಾಸ್, 12 ವೋಲ್ಟ್ ಬ್ಯಾಟರಿ, ಮನೆ ಕರೆಂಟು, ಈ ಮೂರರಲ್ಲಿ ಯಾವುದರಿಂದಲಾದರೂ ನಡೆಯುತ್ತದೆ. ಒಳಗೆ ಕಂಪ್ರೆಸರ್ ಇರುವುದಿಲ್ಲ. ಅಮೋನಿಯಾ ಬೆರೆಸಿದ ನೀರನ್ನು ಕಾಯಿಸುತ್ತದೆ. ಅಮೋನಿಯಾ ಆವಿಯಾಗಿ ಮೇಲೇರಿ, ತಣಿದು, ತನ್ನ ಭಾರಕ್ಕೆ ತಾನೇ ಕೆಳಗೆ ಹರಿದು ಬರಬೇಕು. ಆದ್ದರಿಂದ ಗಾಡಿ ಮಟ್ಟಸವಾಗಿ ನಿಂತಿರಲೇಬೇಕು. ನಮ್ಮ ಕಡೆ ಮಟ್ಟಸ ಜಾಗ ಅಂದರೆ ಒಂದೋ ಗದ್ದೆ, ಇಲ್ಲವೇ ಯಾರದೋ ಮನೆಯ ಅಂಗಳ. ಉಳಿದದ್ದೆಲ್ಲ ದರೆ, ಇಳಿಜಾರು. ಓರೆಯಾಗಿ ನಿಂತ ಗಾಡಿಯಲ್ಲಿ ಈ ಫ್ರಿಜ್ ತಂಪಾಗುವುದಿಲ್ಲ. ಹಾಗೇ ಬಿಟ್ಟರೆ ಅದರ ಕೊಳವೆಗಳೂ ಕೆಡುತ್ತವೆ.

ಬ್ಯಾಟರಿಯ ಕಥೆ ಬೇರೆ. 12 ವೋಲ್ಟಿನಲ್ಲಿ ಅದು 10 ಆಂಪಿಯರ್ ಆಸುಪಾಸು ಎಳೆಯುತ್ತದೆ. 100 ಆಂಪಿಯರ್-ಅವರ್ ಬ್ಯಾಟರಿ ಒಂದು ರಾತ್ರಿಗೇ ಸುಸ್ತು. ನಾವು ಹೋಗುವುದು ಎರಡು ರಾತ್ರಿಗೆ. ಹಾಲು, ಮೊಸರು, ತರಕಾರಿ ದಾರಿಯ ಎಲ್ಲ ಪೇಟೆಗಳಲ್ಲೂ ಸಿಗುತ್ತವೆ. ಒಂದು ಐಸ್ ಬಾಕ್ಸ್ ಸಾಕು.

ಎಷ್ಟು ಜಾಗ ಸಿಗುತ್ತದೆ?

ನಮ್ಮ ಗೂಡು 20 ಇಂಚು ಅಗಲ, 30 ಇಂಚು ಎತ್ತರ, 21 ಇಂಚು ಆಳ. ಲೆಕ್ಕ ಹಾಕಿದರೆ ಸುಮಾರು 200 ಲೀಟರ್. ಫ್ರಿಜ್ಜಿನ ಒಳಗೆ ಸಿಗುತ್ತಿದ್ದದ್ದು ಅದರ ಅರ್ಧಕ್ಕಿಂತ ಕಡಿಮೆ. ಉಳಿದದ್ದನ್ನೆಲ್ಲ ಅದರ ದಪ್ಪ ಗೋಡೆ ಮತ್ತು ಹಿಂದಿನ ಕೊಳವೆಗಳು ತಿನ್ನುತ್ತಿದ್ದವು.

ಫ್ರಿಜ್ ಒಂದೇನಾ, ಬೇರೆ ಸಾಮಾನಿನ ಜಾಗವನ್ನೂ ಹೀಗೆ ಬಳಸಬಹುದಾ?

ಬಳಸಬಹುದು. ಓವನ್, ಮೈಕ್ರೋವೇವ್, ರೂಮ್ ಹೀಟರ್, ಗೀಸರ್ ಯಾವುದಾದರೂ ಸರಿ. ಮೈಕ್ರೋವೇವ್ ಗೂಡು ಎಲ್ಲಕ್ಕಿಂತ ಸುಲಭ. ಗ್ಯಾಸ್ ಇಲ್ಲ, ಹೊರಗೋಡೆಗೆ ತೂತೂ ಇಲ್ಲ, ಪ್ಲಗ್ ಕಿತ್ತರೆ ಆಯಿತು. ಹೀಟರ್ ಮಲೆನಾಡಿಗೆ ಬೇಕಾಗಿಯೇ ಇಲ್ಲ. ಮಾಗಿ ಚಳಿಗೆ ಎರಡು ಕಂಬಳಿ ಇದ್ದರೆ ಮುಗಿಯಿತು. ಗೀಸರ್‌ಗೆ ಹೊರಗಿನಿಂದ ಬಾಗಿಲಿದ್ದರೆ ಆ ಬಾಗಿಲನ್ನು ಹಾಗೇ ಉಳಿಸಿಕೊಳ್ಳಿ. ಒದ್ದೆ ಹಗ್ಗ, ಕೆಸರು ಹತ್ತಿದ ಗಮ್‌ಬೂಟು, ಚಕ್ರಕ್ಕೆ ಕೊಡುವ ಮರದ ತುಂಡು ಇಂಥವನ್ನು ಒಳಗೆ ತರದೆ ಅಲ್ಲೇ ಇಡಬಹುದು.

ಆದರೆ ಫ್ರಿಜ್ ಗೂಡಿನಲ್ಲಿ ಗ್ಯಾಸು, ಕರೆಂಟು, ಮಳೆ ಮೂರೂ ಒಟ್ಟಿಗೆ ಸೇರಿವೆ. ಅದಕ್ಕೇ ಮುಂದಿನ ಉತ್ತರಗಳೆಲ್ಲ ಅದರ ಸುತ್ತಲೇ.

ಮೊದಲು ಎಲ್ಲಿಂದ ಶುರು ಮಾಡಬೇಕು?

ಗ್ಯಾಸಿನಿಂದ. ಹಲಗೆ, ಬಣ್ಣ, ಹಿಡಿಕೆ ಎಲ್ಲ ಆಮೇಲೆ.

ಸಿಲಿಂಡರ್ ಬಂದ್ ಮಾಡಿ, ರೆಗ್ಯುಲೇಟರ್ ತೆಗೆದು, ಸಿಲಿಂಡರನ್ನೇ ಗಾಡಿಯಿಂದ ದೂರ ಇಡಿ. ಬಾಗಿಲು ಕಿಟಕಿ ಎಲ್ಲ ತೆರೆಯಿರಿ. ಫ್ರಿಜ್ ಹಿಂದೆ ತಾಮ್ರದ ಸಣ್ಣ ಪೈಪು ಹಿತ್ತಾಳೆ ನಟ್ಟಿನಿಂದ ಕೂತಿರುತ್ತದೆ. ಅದನ್ನು ಬಿಚ್ಚುವಾಗ ಒಂದು ಸ್ಪ್ಯಾನರ್ ನಟ್ಟಿಗೆ, ಇನ್ನೊಂದು ಅದರ ಹಿಂದಿನ ಜೋಡಣೆಗೆ. ಒಂದೇ ಸ್ಪ್ಯಾನರಿನಲ್ಲಿ ತಿರುಗಿಸಿದರೆ ತಾಮ್ರದ ಪೈಪು ತಿರುಚಿಕೊಂಡು ಸೀಳುತ್ತದೆ. ಬಿಚ್ಚಿದ ತುದಿಗೆ ಅಳತೆಗೆ ಸರಿಯಾದ ಹಿತ್ತಾಳೆ ಪ್ಲಗ್ ಹಾಕಿ ಬಿಗಿ ಮಾಡಬೇಕು. ಪೈಪಿನ ಬಾಯಿ ಅಗಲವಾಗಿ ಬಿಡಿಸಿರುವ ಇಂಥ ಜೋಡಣೆಗೆ ಟೆಫ್ಲಾನ್ ಟೇಪು ಬೇಡ. ಲೋಹಕ್ಕೆ ಲೋಹ ಒತ್ತಿ ಕೂತರೇ ಅದು ಗಟ್ಟಿ. ಪೈಪಿನ ತುದಿ ಬಗ್ಗಿಸಿ ಸುತ್ತಿಗೆಯಲ್ಲಿ ಚಪ್ಪಟೆ ಮಾಡುವುದು, ಎಂ-ಸೀಲ್ ತುಂಬುವುದು, ಟೇಪು ಸುತ್ತುವುದು ಇವು ಯಾವುವೂ ಬೇಡ. ದಯವಿಟ್ಟು ಬೇಡ.

ಆಮೇಲೆ ಸಿಲಿಂಡರ್ ಜೋಡಿಸಿ, ಸೋಪು ನೀರನ್ನು ಬ್ರಶ್ಶಿನಲ್ಲಿ ಹಚ್ಚಿ ನೋಡಿ. ಒಂದೇ ಒಂದು ಗುಳ್ಳೆ ಎದ್ದರೂ ಕೆಲಸ ಮುಗಿದಿಲ್ಲ ಎಂದೇ ಅರ್ಥ. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡಲೇಬಾರದು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದಲ್ಲಿ ನೀರಿನಂತೆ ನಿಲ್ಲುತ್ತದೆ. ಟ್ರೇಲರ್‌ನಲ್ಲಿ ಮಲಗುವ ಹಾಸಿಗೆ ಇರುವುದೂ ಅದೇ ಮಟ್ಟದಲ್ಲಿ. ಈ ಒಂದು ಕಾರಣಕ್ಕೆ, ಕೈ ಕೆಲಸ ಚೆನ್ನಾಗಿ ಬರುವವರೂ ಗ್ಯಾಸ್ ರಿಪೇರಿ ಗೊತ್ತಿರುವವರನ್ನು ಕರೆಸಿ ಈ ಭಾಗ ಮಾಡಿಸಿದರೆ ಒಳ್ಳೆಯದು. ನಾನೂ ಕರೆಸಿದೆ. ಅವರು ಬಂದಾಗಲೇ ಒಲೆಯ ರಬ್ಬರ್ ಪೈಪನ್ನೂ ತೋರಿಸಿ. ಐಎಸ್ಐ ಗುರುತಿನ ಪೈಪಿಗೆ 5 ವರ್ಷ ಆಯುಸ್ಸು. ತಾರೀಖು ಪೈಪಿನ ಮೇಲೇ ಅಚ್ಚಾಗಿರುತ್ತದೆ.

ವೈರುಗಳನ್ನು ಕತ್ತರಿಸಿ ಬಿಸಾಡಬಹುದಾ?

ಬೇಡ, ಉಳಿಸಿಕೊಳ್ಳಿ. ಫ್ರಿಜ್ಜಿಗೆ ಬಂದಿರುವ 12 ವೋಲ್ಟಿನ ವೈರು ದಪ್ಪನೆಯದು, ಒಳ್ಳೆಯದು. ಮೊದಲು ಫ್ಯೂಸ್ ತೆಗೆಯಿರಿ. ಎರಡೂ ತುದಿಗಳನ್ನು ಬೇರೆ ಬೇರೆಯಾಗಿ ಮುಚ್ಚಿ. ಒಟ್ಟಿಗೆ ಸೇರಿಸಿ ಟೇಪು ಸುತ್ತಬೇಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಎಂದು ಜನ ಸಲೀಸಾಗಿ ತೆಗೆದುಕೊಳ್ಳುತ್ತಾರೆ. ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ತುದಿಗಳು ತಾಗಿದರೆ ವೈರು ಕೆಂಪಗೆ ಕಾದು ಹಲಗೆಗೆ ಬೆಂಕಿ ಹತ್ತಿಸುತ್ತದೆ. ಮೊದಲಿದ್ದ ಫ್ಯೂಸಿನ ಜಾಗಕ್ಕೆ ಸಣ್ಣ ಫ್ಯೂಸ್ ಹಾಕಿ, ಅದೇ ವೈರಿನಿಂದ ಕಪಾಟಿನೊಳಗೆ ಒಂದು ಎಲ್ಇಡಿ ದೀಪ, ಒಂದು ಮೊಬೈಲ್ ಚಾರ್ಜರ್ ಕೊಟ್ಟುಕೊಳ್ಳಬಹುದು. 230 ವೋಲ್ಟಿನ ಸಾಕೆಟ್ ಗೂಡಿನೊಳಗಿದ್ದರೆ ಎಲೆಕ್ಟ್ರಿಷಿಯನ್ ಕೈಲಿ ತೆಗೆಸಿಬಿಡಿ. ಬಟ್ಟೆಬರೆ ತುರುಕುವ ಜಾಗದಲ್ಲಿ ಅದಕ್ಕೆ ಕೆಲಸವಿಲ್ಲ.

ಹೊರಗೋಡೆಯಲ್ಲಿ ಎರಡು ಜಾಲರಿ ಕಿಂಡಿಗಳಿವೆ. ಅವನ್ನು ಮುಚ್ಚಬೇಕಾ?

ಈ ಪ್ರಶ್ನೆಗೆ ಉದ್ದ ಉತ್ತರವೇ ಬೇಕು. ನಾನು ಕೆಡಿಸಿದ್ದು ಇಲ್ಲೇ.

ಫ್ರಿಜ್ಜಿನ ಹಿಂದೆ ಗಾಳಿ ಆಡಲೆಂದು ಕೆಳಗೊಂದು, ಮೇಲೊಂದು ಕಿಂಡಿ ಇರುತ್ತವೆ. ಕೆಲವು ಗಾಡಿಗಳಲ್ಲಿ ಮೇಲಿನದು ಚಾವಣಿಯಲ್ಲೇ ಇರುತ್ತದೆ. ಫ್ರಿಜ್ ಇರುವಾಗ ಅದರ ಬಿಸಿಗೆ ಗಾಳಿ ಸದಾ ಮೇಲೇರುತ್ತದೆ, ಹನಿ ನೀರು ಬಂದರೂ ಒಣಗುತ್ತದೆ. ಫ್ರಿಜ್ ತೆಗೆದ ದಿನವೇ ಅವು ಗೋಡೆಯಲ್ಲಿ ಸುಮ್ನೆ ಎರಡು ತೂತು ಆಗುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅದೂ ನೆಟ್ಟಗೆ ಬೀಳುವುದಿಲ್ಲ, ಗಾಳಿಗೆ ಓರೆಯಾಗಿ ಬೀಸುತ್ತದೆ. ಗಾಡಿ ಓಡುವಾಗ ಇನ್ನೂ ಜಾಸ್ತಿ ಒಳಗೆ ನುಗ್ಗುತ್ತದೆ.

ಮೊದಲ ವರ್ಷ ನಾನು ಎರಡೂ ಕಿಂಡಿಗಳ ಮೇಲೆ ಅಲ್ಯೂಮಿನಿಯಂ ತಗಡು ಹೊಡೆದು, ನಾಲ್ಕೂ ಕಡೆ ಸಿಲಿಕೋನ್ ತುಂಬಿ ಬಿಟ್ಟೆ. ನೋಡಲು ಬಿಗಿಯಾಗಿತ್ತು. ಪುನರ್ವಸು ಮಳೆಯಲ್ಲಿ ಮೇಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ನೀರು ಒಳಗೆ ಇಳಿಯಿತು. ಕೆಳಗಿನ ಅಂಚೂ ಮುಚ್ಚಿದ್ದರಿಂದ ಹೊರಗೆ ಹೋಗಲು ದಾರಿಯಿಲ್ಲ. ಎರಡು ವಾರ ಬಿಟ್ಟು ಕಪಾಟಿನ ಬಾಗಿಲು ತೆಗೆದಾಗ ಮೊದಲು ಬಂದದ್ದು ವಾಸನೆ. ಮಡಿಸಿಟ್ಟ ದುಪ್ಪಟಿಯ ಮಡಿಕೆಗಳಲ್ಲಿ ಎಳ್ಳು ಉದುರಿಸಿದ ಹಾಗೆ ಕಪ್ಪು ಚುಕ್ಕಿ. ತಳದ ಪ್ಲೈವುಡ್ ನೆನೆದ ಅವಲಕ್ಕಿಯಂತೆ ಉಬ್ಬಿ, ಬೆರಳಲ್ಲಿ ಒತ್ತಿದರೆ ಪದರ ಪದರವಾಗಿ ಬಿಡುತ್ತಿತ್ತು. ಅಮ್ಮ ಕೊಟ್ಟಿದ್ದ ದುಪ್ಪಟಿ ಅದು. ಮೂರು ಸಲ ಒಗೆದರೂ ಕಲೆ ಹೋಗಲಿಲ್ಲ.

ಎರಡನೇ ಸಲ ಬಡಗಿಯನ್ನು ಕರೆಸಿದೆ. ಅವರು ಗೂಡಿನೊಳಗೆ ಟಾರ್ಚ್ ಬಿಟ್ಟು ನೋಡಿ ಹೇಳಿದರು: "ಅಣ್ಣಾ, ಅಟ್ಟಕ್ಕೆ ಅಡಿಕೆ ದಬ್ಬೆ ಹಾಸ್ತಾರಲ್ಲ, ಸಂದು ಬಿಟ್ಟೇ ಹಾಸ್ತಾರೆ. ಯಾಕೆ ಹೇಳಿ? ಗಾಳಿ ಆಡ್ಲಿ ಅಂತ. ನೀವು ಇಲ್ಲಿ ಗಾಳಿನೂ ಕಟ್ಟಿ ಹಾಕಿದೀರಿ, ನೀರ್ನೂ ಕಟ್ಟಿ ಹಾಕಿದೀರಿ." ದಬ್ಬೆ ಅಂದರೆ ಅಡಿಕೆ ಮರ ಸೀಳಿ ಮಾಡಿದ ಉದ್ದ ಪಟ್ಟಿ. ಅಲ್ಲಿಂದ ಇಡೀ ಕೆಲಸದ ಲೆಕ್ಕವೇ ಬದಲಾಯಿತು.

ಈಗ ಮಾಡಿರುವುದು ಹೀಗೆ. ಮೇಲಿನ ಕಿಂಡಿಯನ್ನು ತಗಡಿನಿಂದ ಮುಚ್ಚಿದ್ದೇವೆ. ತಗಡಿಗೂ ಗೋಡೆಗೂ ನಡುವೆ ಬ್ಯೂಟೈಲ್ ಟೇಪು (ಅಂಟುವ ಮೆತ್ತನೆ ರಬ್ಬರ್ ಪಟ್ಟಿ), ಮೇಲೆ ಸ್ಟೀಲ್ ಸ್ಕ್ರೂ. ಮೇಲಂಚು ಮತ್ತು ಎರಡು ಪಕ್ಕಕ್ಕೆ ಮಾತ್ರ ಸೀಲಂಟ್. ಕೆಳ ಅಂಚನ್ನು ಬೇಕೆಂದೇ ಬಿಟ್ಟಿದ್ದೇವೆ, ನೀರು ಬಂದರೆ ಅಲ್ಲಿಂದ ಇಳಿದು ಹೋಗಲಿ ಎಂದು. ಕೆಳಗಿನ ಕಿಂಡಿಯನ್ನು ಉಳಿಸಿಕೊಂಡು, ಹೊರಗೆ ಮಳೆ ತಡೆಯುವ ತಗಡಿನ ಕೊಡೆ, ಒಳಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿದ್ದೇವೆ. ಜಾಲರಿ ಇಲ್ಲದಿದ್ದರೆ ಕಡಜ ಬಂದು ಮಣ್ಣಿನ ಗೂಡು ಕಟ್ಟುತ್ತದೆ, ಇಲಿಯೂ ಬರುತ್ತದೆ. ಕಪಾಟಿನ ಹಿಂದಿನ ಹಲಗೆಯನ್ನು ಹೊರಗೋಡೆಗೆ ಅಂಟಿಸಿಲ್ಲ, ಒಂದೂವರೆ ಇಂಚು ಸಂದು ಬಿಟ್ಟಿದ್ದೇವೆ. ಆ ಸಂದಿನಲ್ಲಿ ನೀರು ಬಂದರೆ ಕೆಳಗೆ ಇಳಿದು ಹೊರಗೆ ಹೋಗುತ್ತದೆ, ಸಾಮಾನಿಗೆ ತಾಗುವುದಿಲ್ಲ.

ಬೇಸಿಗೆಯಲ್ಲಿ ಕೆಲಸ ಮುಗಿಸಿ. ಆಮೇಲೆ ಪೈಪಿನಲ್ಲಿ ಹತ್ತು ನಿಮಿಷ ಓರೆಯಾಗಿ ನೀರು ಬಿಟ್ಟು ಒಳಗೆ ಕೈಯಾಡಿಸಿ ನೋಡಿ. ಜೂನ್ ತಿಂಗಳು ಪರೀಕ್ಷೆ ಮಾಡುವ ಮೊದಲು ನಾವೇ ಮಾಡಿಬಿಡಬೇಕು.

ಯಾವ ಪ್ಲೈವುಡ್ ತರಬೇಕು?

ಐಎಸ್ 710 (ಭಾರತೀಯ ಮಾನಕದ ಸಂಖ್ಯೆ) ಗುರುತು ಇರುವುದನ್ನು ತನ್ನಿ. ಇದು ಕುದಿಯುವ ನೀರನ್ನೂ ತಾಳುವ ಅಂಟಿನಿಂದ ಮಾಡಿದ್ದು, ಮರೈನ್ ಪ್ಲೈ ಎಂದು ಕರೆಯುತ್ತಾರೆ. ಐಎಸ್ 303ರ ಎಂಆರ್ (ತೇವ ಮಾತ್ರ ತಾಳುವ) ದರ್ಜೆಯದು ಮನೆಯೊಳಗಿನ ವಾರ್ಡ್‌ರೋಬಿಗೆ ಸರಿ, ಇದಕ್ಕೆ ಸಾಲದು. ಮೊದಲ ಸಲ ನನಗೆ ಒಂದು ಅಂಗಡಿಯಲ್ಲಿ "ವಾಟರ್‌ಪ್ರೂಫ್" ಎಂದು ಬಾಯಲ್ಲಿ ಹೇಳಿ ಕೊಟ್ಟಿದ್ದ ಹಾಳೆಯ ಮೇಲೆ ಯಾವ ಗುರುತೂ ಇರಲಿಲ್ಲ. ಉಬ್ಬಿದ್ದು ಅದೇ. ಹಾಳೆಯ ಮೇಲೆ ಅಚ್ಚಾದದ್ದನ್ನು ನೋಡಿಯೇ ದುಡ್ಡು ಕೊಡಿ.

ದಪ್ಪ 12 ಮಿಲಿಮೀಟರ್ ಸಾಕು, ಹಿಂದಿನ ಹಲಗೆಗೆ 6 ಸಾಕು. ಎಂಟಡಿ-ನಾಲ್ಕಡಿಯ 18 ಮಿಲಿಮೀಟರ್ ಹಾಳೆ 30 ಕೆ.ಜಿ. ದಾಟುತ್ತದೆ. 12ರದು 20ಕ್ಕಿಂತ ಸ್ವಲ್ಪ ಜಾಸ್ತಿ. ಈ ವ್ಯತ್ಯಾಸವನ್ನು ಘಾಟಿಯಲ್ಲಿ ಗಾಡಿ ಎಳೆಯುತ್ತದೆ. ಕತ್ತರಿಸಿದ ಅಂಚುಗಳಿಗೆ, ಸ್ಕ್ರೂ ತೂತುಗಳಿಗೂ ಸಹ, ಎರಡು ಕೈ ವಾರ್ನಿಷ್ ಹೊಡೆಯಿರಿ. ಪ್ಲೈವುಡ್ ನೀರು ಕುಡಿಯುವುದು ಮುಖದಿಂದಲ್ಲ, ಅಂಚಿನಿಂದ.

ತಟ್ಟುಗಳಿಗೆ, ಅಂದರೆ ಒಳಗೆ ಸಾಮಾನು ಇಡುವ ಅಡ್ಡ ಅಂತಸ್ತುಗಳಿಗೆ, ನಾವು ಪ್ಲೈವುಡ್ ಹಾಕಲೇ ಇಲ್ಲ. ಊರಿನಿಂದ ಬಲಿತ ಅಡಿಕೆ ದಬ್ಬೆ ತರಿಸಿ, ಒಳಗಿನ ಮೆತ್ತನೆ ನಾರು ಕೆತ್ತಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಉಜ್ಜಿ ಎಣ್ಣೆ ಹಚ್ಚಿ, ಅರ್ಧ ಇಂಚು ಸಂದು ಬಿಟ್ಟು ಹೊಡೆದಿದ್ದೇವೆ. ಹಗುರ, ಗಟ್ಟಿ, ಕೆಳಗಿನಿಂದ ಗಾಳಿ ಆಡುತ್ತದೆ. ಸಿಬಿರು ಕೈಗೆ ಚುಚ್ಚದ ಹಾಗೆ ಅಂಚುಗಳನ್ನು ಮಾತ್ರ ತಾಳ್ಮೆಯಿಂದ ಉಜ್ಜಬೇಕು. ಬಲಿಯದ ದಬ್ಬೆ ಬೇಡ, ಅದಕ್ಕೆ ಬೇಗ ಹುಳ ಬೀಳುತ್ತದೆ.

ಘಾಟಿ ತಿರುವಿನಲ್ಲಿ ಸಾಮಾನೆಲ್ಲ ಬೀಳುವುದಿಲ್ಲವಾ?

ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಒಂದೊಂದರಲ್ಲೂ ಸಾಮಾನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಒತ್ತುತ್ತದೆ. ಆಯಸ್ಕಾಂತದ ಕ್ಯಾಚ್ ಅಲ್ಲಿ ನಿಲ್ಲುವುದಿಲ್ಲ. ಒತ್ತಿದರೆ ಬಿಚ್ಚಿಕೊಳ್ಳುವ, ಕೊಕ್ಕೆ ಇರುವ ಪುಶ್ ಲಾಕ್ ಹಾಕಿ. ಪ್ರತಿ ತಟ್ಟಿನ ಮುಂದೆ ಒಂದೂವರೆ ಇಂಚಿನ ಪಟ್ಟಿ ಎಬ್ಬಿಸಿ. ಕಪಾಟಿನ ಚೌಕಟ್ಟನ್ನು ಗಾಡಿಯ ಉಕ್ಕಿನ ಇಲ್ಲವೇ ಮರದ ಅಸ್ಥಿಗೆ ಬಿಗಿಯಬೇಕು, ತೆಳು ಒಳಗೋಡೆಗಲ್ಲ. ಫ್ರಿಜ್ ಕೂತಿದ್ದ ಹಳೇ ಸ್ಕ್ರೂ ತೂತುಗಳನ್ನು ನೋಡಿದರೆ ಅಸ್ಥಿ ಎಲ್ಲಿದೆ ಎಂದು ತಾನಾಗೇ ಗೊತ್ತಾಗುತ್ತದೆ.

ಭಾರ ಹೆಚ್ಚುಕಡಿಮೆ ಆದರೆ ಏನಾಗುತ್ತದೆ?

ಟ್ರೇಲರ್‌ನ ಒಟ್ಟು ಭಾರದಲ್ಲಿ ಶೇ. 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಕೂತಿರಬೇಕು. ತುಂಬಿದ ಗಾಡಿ 700 ಕೆ.ಜಿ. ಇದ್ದರೆ 70ರಿಂದ 105 ಕೆ.ಜಿ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಹಿಂದಿನ ಗಾಡಿ ಬಾಲದಂತೆ ಆಡಲು ಶುರುವಾಗುತ್ತದೆ. ಫ್ರಿಜ್ ಆಕ್ಸಲ್ಲಿಗಿಂತ ಮುಂದಿತ್ತೋ ಹಿಂದಿತ್ತೋ ನೋಡಿ. ಮುಂದಿದ್ದರೆ, ಅದನ್ನು ತೆಗೆದಾಗ ಕೊಂಡಿ ಹಗುರವಾಗಿದೆ. ತೆಗೆದ ಫ್ರಿಜ್ಜಿನ ತೂಕವನ್ನು ಬರೆದಿಟ್ಟುಕೊಂಡು, ಆ ಕಪಾಟಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಭಾರ ಇಡಿ. 200 ಲೀಟರ್ ಜಾಗ ಇದೆ ಎಂದು ಅಕ್ಕಿ ಮೂಟೆ, ನೀರಿನ ಕ್ಯಾನು ತುಂಬಬೇಡಿ. ಭಾರದ್ದೆಲ್ಲ ತಳಕ್ಕೆ, ಬಟ್ಟೆ ಹಾಸಿಗೆ ಮೇಲಕ್ಕೆ.

ಬೂಸರು ಹಿಡಿಯದ ಹಾಗೆ ಏನು ಮಾಡಬೇಕು?

ಬಾಗಿಲಿಗೆ ಕೆಳಗೊಂದು, ಮೇಲೊಂದು ಗಾಳಿ ತೂತು ಬೇಕು. ಹಿಂದಿನ ಸಂದಿನ ಕೆಲಸ ಬೇರೆ, ಇದರ ಕೆಲಸ ಬೇರೆ. ಅದು ನೀರಿಗೆ, ಇದು ಗಾಳಿಗೆ. ಆರಿದ್ರಾದಿಂದ ಆಶ್ಲೇಷದವರೆಗೆ ನಮ್ಮ ಗಾಡಿ ಶೆಡ್ಡಿನಲ್ಲೇ ನಿಂತಿರುತ್ತದೆ. ಆಗ ಕಪಾಟು ಪೂರ್ತಿ ಖಾಲಿ, ಬಾಗಿಲು ತೆರೆದೇ ಇರುತ್ತದೆ. ಬಿಸಿಲು ಇಣುಕಿದ ದಿನ ಗಾಡಿಯ ಕಿಟಕಿಗಳನ್ನೂ ತೆಗೆದಿಡುತ್ತೇವೆ. ಸಿಲಿಕಾ ಜೆಲ್ ಪೊಟ್ಟಣ, ಬಟ್ಟೆಯಲ್ಲಿ ಕಟ್ಟಿದ ಇದ್ದಿಲು ಒಂದು ಮಟ್ಟಕ್ಕೆ ತೇವ ಎಳೆಯುತ್ತವೆ. ಆದರೆ ಮಲೆನಾಡಿನ ಮಳೆಗಾಲಕ್ಕೆ ಅವಷ್ಟನ್ನೇ ನಂಬಿ ಕೂರಬಾರದು. ಅರ್ಧ ಒಣಗಿದ ಟವಲ್ ಒಂದನ್ನು ಮಡಿಸಿ ಒಳಗಿಟ್ಟರೆ ಉಳಿದ ಬಟ್ಟೆಗಳೂ ಅದರ ಜೊತೆ ಕೆಡುತ್ತವೆ. ರೇನ್‌ಕೋಟು, ಕೊಡೆ ಈ ಕಪಾಟಿಗೆ ಬರಲೇಬಾರದು.

ಖಾಲಿ ಗೂಡಿನಲ್ಲಿ ಗ್ಯಾಸ್ ಸಿಲಿಂಡರ್ ಇಡಬಹುದಾ?

ಇಡಬಾರದು, 5 ಕೆ.ಜಿ.ಯದನ್ನೂ ಸಹ. ಸಿಲಿಂಡರಿನ ಜಾಗ ಗಾಡಿಯ ಹೊರಗೆ, ಮುಂದಿನ ಕೊಂಡಿಯ ಹತ್ತಿರದ ತೆರೆದ ಪೆಟ್ಟಿಗೆಯಲ್ಲಿ.

ಇನ್ವರ್ಟರ್ ಬ್ಯಾಟರಿ?

ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮುಚ್ಚಿದ ಕಪಾಟಿಗೆ ಅದು ಬೇಡ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇಡಬಹುದು. ಆದರೆ ಅಲ್ಲಾಡದ ಹಾಗೆ ಪಟ್ಟಿ ಬಿಗಿದು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಕೊಟ್ಟಿರಬೇಕು.

ತೆಗೆದ ಹಳೇ ಫ್ರಿಜ್ಜನ್ನು ಗುಜರಿಗೆ ಹಾಕಬಹುದಾ?

ಸುಮ್ನೆ ಗುಜರಿಗೆ ಹಾಕಬೇಡಿ. ಗುಜರಿಯವರು ತಾಮ್ರ, ಕಬ್ಬಿಣಕ್ಕೆಂದು ಕೊಳವೆ ಒಡೆಯುತ್ತಾರೆ. ಒಳಗೆ ಒತ್ತಡದಲ್ಲಿ ಅಮೋನಿಯಾ ಮತ್ತು ಹೈಡ್ರೋಜನ್ ಇರುತ್ತವೆ. ತುಕ್ಕು ತಡೆಯಲು ಹಾಕಿದ ಕ್ರೋಮೇಟ್ ಉಪ್ಪೂ ಇರುತ್ತದೆ, ಅದು ವಿಷ. ಕೊಳವೆಯ ಮೇಲೆ ಹಳದಿ ಪುಡಿ ಕಂಡರೆ ಈಗಾಗಲೇ ಸೋರಿದೆ ಎಂದರ್ಥ, ಬರಿಗೈಯಲ್ಲಿ ಮುಟ್ಟಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ಫ್ರಿಜ್ಜೂ ಸೇರಿದೆ. ನೋಂದಣಿ ಇರುವ ಇ-ತ್ಯಾಜ್ಯದವರಿಗೇ ಕೊಡಿ. ಫ್ರಿಜ್ ಚೆನ್ನಾಗಿದ್ದರೆ ಪ್ಲಾಸ್ಟಿಕ್ ಸುತ್ತಿ, ನಿಲ್ಲಿಸಿಯೇ ಇಡಿ. ಮುಂದೆ ಗಾಡಿ ಮಾರುವಾಗ ಕೇಳುವವರು ಇರುತ್ತಾರೆ.

ಆರ್‌ಟಿಒ ತಕರಾರು ಬರುತ್ತದಾ?

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವ ಹಾಗೆ ಬದಲಾವಣೆ ಮಾಡುವಂತಿಲ್ಲ. ಗಾಡಿಯ ಅಳತೆ, ಭಾರ, ಚಾಸಿ ಇವನ್ನು ಮುಟ್ಟಬೇಡಿ. ಹೊರಗೋಡೆ ಕತ್ತರಿಸಿ ಹೊಸ ಬಾಗಿಲು ಇಡುವ ಯೋಚನೆ ಇದ್ದರೆ ಕತ್ತರಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ.

ಮುಂದೆ ಮತ್ತೆ ಫ್ರಿಜ್ ಬೇಕು ಅನ್ನಿಸಿದರೆ?

ಅದನ್ನು ಈಗಲೇ ಯೋಚಿಸಿ. ಗೂಡಿನ ಮುಂದಿನ ಚೌಕಟ್ಟನ್ನು ಕತ್ತರಿಸಬೇಡಿ. ಕಪಾಟನ್ನು ಬೇರೆ ಪೆಟ್ಟಿಗೆಯಾಗಿ ಮಾಡಿ ಒಳಗೆ ತಳ್ಳಿ, ಆರೆಂಟು ಸ್ಕ್ರೂಗಳಲ್ಲಿ ನಿಲ್ಲಿಸಿ. ನಮ್ಮದು ಹಾಗೇ ಇದೆ, ಅರ್ಧ ಗಂಟೆಯಲ್ಲಿ ಹೊರಗೆ ಬರುತ್ತದೆ. ಮುಂದೆ ತರುವುದಾದರೆ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ತನ್ನಿ. ಅದು ಹಳೆಯದಕ್ಕಿಂತ ತುಂಬಾ ಕಡಿಮೆ ಕರೆಂಟು ಎಳೆಯುತ್ತದೆ, ಗ್ಯಾಸ್ ಬೇಡ, ಸ್ವಲ್ಪ ಓರೆ ನಿಂತರೂ ತಂಪಾಗುತ್ತದೆ.

ಈಗ ನಿಮ್ಮ ಕಪಾಟಿನಲ್ಲಿ ಏನೇನಿದೆ?

ತಳದ ತಟ್ಟಿನಲ್ಲಿ ಕುಕ್ಕರ್, ದೋಸೆ ಕಾವಲಿ, ಎರಡು ಪಾತ್ರೆ, ಜ್ಯಾಕು. ಮಧ್ಯೆ ಅಕ್ಕಿ, ರವೆ, ಅವಲಕ್ಕಿ, ಕಾಫಿ ಪುಡಿ, ಬೆಲ್ಲ, ಎಲ್ಲವೂ ಬಿಗಿ ಮುಚ್ಚಳದ ಡಬ್ಬಿಗಳಲ್ಲಿ. ಪಕ್ಕದಲ್ಲಿ ಹಾಳೆ ತಟ್ಟೆಗಳ ಒಂದು ಕಟ್ಟು. ಮೇಲೆ ಎರಡು ಕಂಬಳಿ, ದುಪ್ಪಟಿ, ಟವಲ್. ಬಾಗಿಲ ಒಳಮೈಗೆ ಬಟ್ಟೆಯ ಜೇಬುಗಳನ್ನು ಹೊಲಿಸಿ ಹೊಡೆದಿದ್ದೇವೆ. ಟಾರ್ಚು, ಬೆಂಕಿಪೊಟ್ಟಣ, ಔಷಧಿ, ಇಂಬಳಕ್ಕೆಂದು ಒಂದು ಪೊಟ್ಟಣ ಉಪ್ಪು ಅಲ್ಲಿರುತ್ತವೆ.

ಮಂಗಗಳ ಕಾಟ?

ಆಗುಂಬೆ ಘಾಟಿಯಲ್ಲಿ ನಿಲ್ಲಿಸಿದರೆ ಖಂಡಿತ ಬರುತ್ತವೆ. ಪುಶ್ ಲಾಕ್ ಹಾಕಿದ ಮೇಲೆ ಕಪಾಟನ್ನು ಅವು ತೆಗೆದಿಲ್ಲ. ಆದರೆ ಟ್ರೇಲರ್‌ನ ಬಾಗಿಲು ತೆರೆದಿಟ್ಟು ಸೂರ್ಯಾಸ್ತ ನೋಡಲು ಹೋಗಬೇಡಿ. ಹೊರಗೆ ಮೇಜಿನ ಮೇಲಿಟ್ಟ ಅವಲಕ್ಕಿ ಡಬ್ಬಿಯನ್ನು ಒಮ್ಮೆ ನಮ್ಮ ಕಣ್ಣೆದುರೇ ಎತ್ತಿಕೊಂಡು ಹೋಗಿವೆ. ಕಾಫಿಗೆ ನೀರಿಡುವ ಮೊದಲೇ ಡಬ್ಬಿಗಳನ್ನೆಲ್ಲ ಒಳಗಿಟ್ಟು, ಲಾಕ್ 'ಟಕ್' ಎಂದಿತಾ ಎಂದು ಕೇಳಿಸಿಕೊಳ್ಳಿ.